ಕೆಂಪು ಸೀಲು ಮತ್ತು ಹಾಲುಬಣ್ಣದ ಟ್ಯೂಬು

ಬೆಳಿಗ್ಗೆ ಆರೂವರೆಗೆ ಲ್ಯಾಬಿನ ಬಾಗಿಲು ತೆರೆಯಬೇಕು. ಆರೂ ನಲವತ್ತಕ್ಕೆ ಫ್ರಿಜ್ಜಿನ ಉಷ್ಣತೆ ಬರೆದು ಸಹಿ ಹಾಕಬೇಕು. ಏಳಕ್ಕೆ ಮೊದಲ ಸೂಜಿ. ಸಂಜೆ ತಿರಸ್ಕರಿಸಿದ ಟ್ಯೂಬುಗಳನ್ನು ಹಳದಿ ಚೀಲಕ್ಕೆ ಹಾಕಿ, ಮೇಜು ಒರೆಸಿ, ಮರುದಿನದ ಹಾಳೆಯ ಮೇಲೆ ತಾರೀಖು ಬರೆದಿಟ್ಟೇ ಹೊರಡಬೇಕು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಕ್ಲಿನಿಕ್ಕಿನಲ್ಲಿ ಇಪ್ಪತ್ತೆಂಟು ವರ್ಷ ನಾನು ಈ ಕ್ರಮವನ್ನು ಪಾಲಿಸಿದೆ. ತಪ್ಪಿದ್ದು ಒಂದೇ ಸಲ. ಆ ಒಂದು ಸಲ ತಪ್ಪದೆ ಇದ್ದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಈಗ ನಾನು ದುಬೈಯ ಊದ್ ಮೇಥಾದಲ್ಲಿ ಮಗಳ ಮನೆಯಲ್ಲಿದ್ದೇನೆ. ತಂಗಿಯ ಮಗಳು ಪ್ರೀಮಾ ಇಲ್ಲಿಯ ಒಂದು ದೊಡ್ಡ ಲ್ಯಾಬಿಗೆ ಹೊಸದಾಗಿ ಸೇರಿದ್ದಾಳೆ. ಇಗರ್ಜಿಯ ಪೂಜೆ ಮುಗಿಸಿ ಊಟಕ್ಕೆ ಬಂದಾಗ ಒಂದು ದಿನ ಕೇಳಿದೆ: "ಇವತ್ತು ಎಷ್ಟು ಟ್ಯೂಬು ಹಾಲಿನ ಹಾಗೆ ಬಂತು?"

"ಮಾವ್ಶಿ, ಹೂ ಲುಕ್ಸ್ ಅಟ್ ದಿ ಟ್ಯೂಬ್? ಬಾರ್‌ಕೋಡ್ ಹಚ್ಚಿ ಬಿಟ್ರೆ ಅದೇ ಓಡ್ತದೆ. ಮಷೀನ್ ವಿಲ್ ಟೆಲ್."

ಮಷೀನು ಹೇಳುತ್ತದೆ, ನಿಜ. ಸೀರಮ್ ಎಷ್ಟು ಮಬ್ಬಾಗಿದೆ ಎಂದು ಅಂಕಿಯಲ್ಲೇ ತೋರಿಸುತ್ತದೆ. ಏಕೆ ಮಬ್ಬಾಗಿದೆ ಎಂದು ಹೇಳುವುದಿಲ್ಲ. ಅದನ್ನು ಕೇಳುವವರು ನೀವು. ಆದ್ದರಿಂದ ಪ್ರೀಮಾಳಿಗಾಗಿ, ಅವಳಂತೆ ಈ ಕೆಲಸಕ್ಕೆ ಬರುವ ಮಕ್ಕಳಿಗಾಗಿ ಬರೆಯುತ್ತಿದ್ದೇನೆ.

ನಾನು ಸೇರಿದಾಗ ನಮ್ಮ ಲ್ಯಾಬು ಎರಡು ಕೋಣೆ. ರಸ್ತೆಗೆ ಮುಖ ಮಾಡಿದ ಒಂದು ಕಿಟಕಿ, ಸದಾ ನೀರು ತೊಟ್ಟಿಕ್ಕುವ ಒಂದು ಎ.ಸಿ., ಅದರ ಕೆಳಗೆ ಒಂದು ಬಕೆಟ್ಟು. ನಾನೂ ಕೊಲ್ಲಂ ಕಡೆಯ ಸೂಸಮ್ಮನೂ ಕೆಲಸ ಹಂಚಿಕೊಳ್ಳುತ್ತಿದ್ದೆವು. ಕೆಳಗಿನ ಕೆಫೆಟೀರಿಯಾದಿಂದ ಹತ್ತು ಗಂಟೆಗೆ ಸುಲೈಮಾನಿ ಬರುತ್ತಿತ್ತು. ಆ ಕಪ್ಪು ಚಹಾದ ಲೋಟವನ್ನು ಲ್ಯಾಬಿನ ಒಳಗೆ ತರಲು ನಾನು ಬಿಡುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತೇ ಕುಡಿಯಬೇಕು. ಸೂಸಮ್ಮ ನನಗೆ 'ಮದರ್ ಸುಪೀರಿಯರ್' ಎಂದು ಹೆಸರಿಟ್ಟಿದ್ದಳು. ಕನ್ಯಾಸ್ತ್ರೀಯರ ಬೋರ್ಡಿಂಗಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಮಲಗಿ ಬೆಳೆದವಳು ನಾನು. ಆ ಹೆಸರು ನನಗೆ ಹಿಡಿಸಿತ್ತು.

ನಮ್ಮ ಮೇಲಿನವರು ಡಾ. ಹಾಶಿಂ, ಸೂಡಾನಿನವರು. ವಾರಕ್ಕೆ ಎರಡು ದಿನ ಬರುತ್ತಿದ್ದರು. ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ನನ್ನ ಮೊದಲ ವಾರದಲ್ಲೇ ಅವರು ಒಂದು ಅರಬ್ಬಿ ಪತ್ರಿಕೆಯ ತುಂಡನ್ನು ಕತ್ತರಿಸಿ ಕಿಟಕಿಯ ಗಾಜಿಗೆ ಅಂಟಿಸಿದರು. ರಕ್ತವನ್ನು ಯಂತ್ರದಲ್ಲಿ ತಿರುಗಿಸಿದ ಮೇಲೆ ಕೆಂಪು ಕಣಗಳು ತಳಕ್ಕಿಳಿದು ಮೇಲೆ ನಿಲ್ಲುವ ದ್ರವವೇ ಸೀರಮ್. ಅದು ತಿಳಿಜೇನಿನ ಬಣ್ಣದಲ್ಲಿರಬೇಕು. ಟ್ಯೂಬನ್ನು ಪತ್ರಿಕೆಯ ಮುಂದೆ ಹಿಡಿದಾಗ ಹಿಂದಿನ ಅಕ್ಷರ ಕಂಡರೆ ಸರಿ. ಕಾಣದಿದ್ದರೆ ರಕ್ತದಲ್ಲಿ ಕೊಬ್ಬು ತುಂಬಿದೆ, ಅಂಥ ಸೀರಮಿನಲ್ಲಿ ಬೇರೆ ಪರೀಕ್ಷೆಗಳೂ ಸುಳ್ಳು ಹೇಳುತ್ತವೆ ಎಂದು ತಿಳಿಯಬೇಕು.

"ನನಗೆ ಅರಬ್ಬಿ ಓದಲು ಬರುವುದಿಲ್ಲ ಡಾಕ್ಟರ್" ಎಂದೆ.

"ಒಳ್ಳೆಯದೇ. ಓದಲು ಬಂದರೆ ಸುದ್ದಿ ಓದುತ್ತಾ ನಿಲ್ಲುತ್ತೀಯ" ಎಂದರು.

ಸೀಲಿನ ಕಥೆ ಶುರುವಾದದ್ದು ರುವೈಸಿನ ಬಸ್ಸಿನಿಂದ. ಅಲ್ಲಿಯ ತೈಲ ಕಾರ್ಖಾನೆಗಳ ಗುತ್ತಿಗೆ ಕೆಲಸಗಾರರನ್ನು ವರ್ಷಕ್ಕೊಮ್ಮೆಯ ತಪಾಸಣೆಗೆ ನಮ್ಮಲ್ಲಿಗೆ ಕರೆತರುತ್ತಿದ್ದರು. ನಸುಕಿನಲ್ಲಿ ಹೊರಟು, ಮರಳುಗಾಡಿನ ದಾರಿಯಲ್ಲಿ ತೂಕಡಿಸಿಕೊಂಡು ಬರುವ ನಲವತ್ತು ಜನ. ಎಲ್ಲರೂ ಖಾಲಿ ಹೊಟ್ಟೆಯಲ್ಲಿದ್ದೇವೆ ಎಂದು ಎದೆ ಮುಟ್ಟಿ ಹೇಳುತ್ತಿದ್ದರು. ಒಂದು ಸಲ ಅರ್ಧಕ್ಕರ್ಧ ಟ್ಯೂಬುಗಳು ಮಬ್ಬು. ನಾನು ಕೆಳಗಿಳಿದು ಪೆಶಾವರಿ ಡ್ರೈವರನನ್ನು ಕೇಳಿದೆ. ಅವನು ಬಾಯಿಂದ ಹಲ್ಲುಕಡ್ಡಿ ತೆಗೆಯದೆಯೇ ಹೇಳಿದ: "ಸಿಸ್ಟರ್, ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದ್ದೆ. ಪರಾಠಾ ಬಿಸಿ ಇತ್ತು."

ನನ್ನನ್ನು ಮೋಸಗೊಳಿಸಿದರಲ್ಲ ಎಂದು ಮೈಯೆಲ್ಲ ಉರಿಯಿತು. ಮರುದಿನವೇ ಒಂದು ರಬ್ಬರ್ ಸೀಲು ಮಾಡಿಸಿದೆ. 'ಉಪವಾಸವಿಲ್ಲ, ಮತ್ತೆ ಬರಲಿ' ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ಶಾಯಿ ಕೆಂಪು. ಅಂದಿನಿಂದ ಪತ್ರಿಕೆಯ ಅಕ್ಷರ ಕಾಣದ ಟ್ಯೂಬು ಬಂದರೆ ಪರೀಕ್ಷೆ ಇಲ್ಲ, ಚೀಟಿಯ ಮೇಲೆ ಸೀಲು, ಸಂಜೆ ಟ್ಯೂಬು ಹಳದಿ ಚೀಲಕ್ಕೆ. ಡಾ. ಹಾಶಿಂ ಒಪ್ಪಿ ಸಹಿ ಹಾಕಿದರು. ಲ್ಯಾಬು ಗಡಿಯಾರದಂತೆ ನಡೆಯಿತು. ಹೆಮ್ಮೆಪಟ್ಟೆ ಎನ್ನಲು ಈಗ ನಾಚಿಕೆ, ಆದರೆ ಪಟ್ಟದ್ದು ನಿಜ.

ಹಮೀದಾಕ ಬಂದದ್ದು ಇದಾದ ಎರಡು ವರ್ಷಕ್ಕೆ. ಉಳ್ಳಾಲದ ಬ್ಯಾರಿ. ನಮ್ಮ ಕ್ಲಿನಿಕ್ಕಿನಿಂದ ನಾಲ್ಕು ಕಟ್ಟಡ ಆಚೆ ಬಟ್ಟೆಯಂಗಡಿ. ಅಂಗಡಿಗೆ ಬೇರೆ ಹೆಸರಿದ್ದರೂ ಊರವರಿಗೆ ಅದು 'ಹಮೀದಾಕನ ಅಂಗಡಿ'. ಭಾರಿ ಆಳು, ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು. ಹೊಟ್ಟೆಯ ಮೇಲೆ ಆ ಟೇಪಿನ ಎರಡು ತುದಿಗಳೂ ಮಲಗಿಕೊಂಡಿರುತ್ತಿದ್ದವು. ಬೊಜ್ಜು, ಸ್ವಲ್ಪ ಸಕ್ಕರೆ, ಸ್ವಲ್ಪ ರಕ್ತದೊತ್ತಡ ಮೂರೂ ಇದ್ದುದರಿಂದ ನಮ್ಮ ವೈದ್ಯರು ಕೊಬ್ಬಿನ ಪರೀಕ್ಷೆ ಬರೆದಿದ್ದರು. ಇವೆಲ್ಲ ಒಟ್ಟಿಗೆ ಸೇರಿದ ಸ್ಥಿತಿಗೆ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಒಬ್ಬ ಬಂದರೆ ಉಳಿದವರನ್ನೂ ಕರೆದುಕೊಂಡು ಬರುವ ನೆಂಟರ ಹಾಗೆ.

ಮೊದಲ ಟ್ಯೂಬು ತೆಂಗಿನಕಾಯಿಯ ಹಾಲಿನಂತೆ ಬಂತು. ಅಕ್ಷರ ಹೋಗಲಿ, ಪತ್ರಿಕೆ ಇದೆಯೆಂದೇ ಕಾಣಲಿಲ್ಲ. ಸೀಲು ಹಾಕಿದೆ.

ಎರಡು ತಿಂಗಳ ಮೇಲೆ ಮತ್ತೆ ಬಂದರು. ಊರಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು 'ಬಾಯಮ್ಮ' ಎನ್ನುತ್ತಿದ್ದರು. "ಬಾಯಮ್ಮ, ಈ ಸಲ ಉಂಟಲ್ಲ, ಒಂದು ತಿಂಗಳಿಂದ ಮಾಂಸ ಮುಟ್ಟಲಿಲ್ಲ. ತುಪ್ಪ ಕಣ್ಣಲ್ಲಿ ನೋಡಲಿಲ್ಲ."

"ನಿನ್ನೆ ರಾತ್ರಿ ಎಷ್ಟು ಗಂಟೆಗೆ ಉಂಡದ್ದು?"

"ಏಳೂವರೆ. ಮತ್ತೆ ನೀರು ಮಾತ್ರ. ಅಲ್ಲಾನಾಣೆ."

ಟ್ಯೂಬು ಮೊದಲಿಗಿಂತ ಬೆಳ್ಳಗಿತ್ತು. ಸೀಲು ಹಾಕಿದೆ.

ಮೂರನೆಯ ಸಲ ಬಂದದ್ದು ಒಂದು ಗುರುವಾರ. ಕೌಂಟರಿನ ಮೇಲೆ ಒಂದು ಸಣ್ಣ ಬೀಗದ ಕೈ ಇಟ್ಟರು.

"ಇದೆಂತ?" ಎಂದೆ.

"ಫ್ರಿಜ್ಜಿನ ಬೀಗದ ಕೈ. ನನ್ನ ಹೆಂಡತಿ ನಿನ್ನೆ ಸಂಜೆಯೇ ಬೀಗ ಹಾಕಿ, ಬಾಯಮ್ಮನಿಗೆ ತೋರಿಸಿ ಬನ್ನಿ ಅಂತ ಕೊಟ್ಟು ಕಳಿಸಿದ್ದು."

ಸಾಲಿನಲ್ಲಿದ್ದವರು ನಕ್ಕರು. ಅವರಲ್ಲಿ ಹಮೀದಾಕನ ಪಕ್ಕದ ಅತ್ತರಿನಂಗಡಿಯ ಜಾಫರ್ ಭಾಯಿಯೂ ಇದ್ದರು. ಭಟ್ಕಳದವರು, ನಾಲಗೆ ಬಲು ಚುರುಕು. ನಾನು ರಕ್ತ ತೆಗೆದೆ, ತಿರುಗಿಸಿದೆ, ಕಿಟಕಿಗೆ ಹಿಡಿದೆ. ಹಾಲು. ಹೊರಗೆ ಬಂದು, ಎಲ್ಲರೂ ಕೇಳುವಂತೆ ಹೇಳಿದೆ: "ಬೀಗದ ಕೈ ತೋರಿಸಿದರೆ ಸಾಲದು ಹಮೀದಾಕ. ಅದಕ್ಕೆ ಇನ್ನೊಂದು ಕೈ ಇರಬಹುದು."

ಜಾಫರ್ ಭಾಯಿ ತಕ್ಷಣ ಹಿಡಿದುಕೊಂಡರು. "ಏನ್ ಹಮೀದಾಕ, ರಾತ್ರಿ ಎದ್ದು ಹಾಲು ಕುಡಿದ್ರಾ? ಬೆಕ್ಕಿನ ಹಾಗೆ?"

ಹಮೀದಾಕ ನಗಲಿಲ್ಲ. ಬೀಗದ ಕೈ ಎತ್ತಿ ಜೇಬಿಗೆ ಹಾಕಿಕೊಂಡರು. "ಮೂವತ್ತು ವರ್ಷ ಆಯ್ತು ಬಾಯಮ್ಮ, ಈ ಟೇಪು ಹಿಡಿದು. ಅರ್ಧ ಇಂಚು ಸುಳ್ಳು ಹೇಳಿದವ ಅಲ್ಲ ನಾನು. ಖಲಾಸ್. ಇನ್ನು ಈ ಮೆಟ್ಟಿಲು ಹತ್ತುದಿಲ್ಲ." ಹೊರಟುಹೋದರು. ಚೀಟಿಯ ಮೇಲೆ ಸೀಲಿನ ಶಾಯಿ ಇನ್ನೂ ಒಣಗಿರಲಿಲ್ಲ.

ಅಂದು ಸಂಜೆ ದುಬೈಯಲ್ಲಿ ಒಂದು ಮದುವೆಯಿತ್ತು. ಶೇರ್ ಟ್ಯಾಕ್ಸಿ ತುಂಬಿ ಹೊರಡುವ ಹೊತ್ತಾಗಿದ್ದರಿಂದ, ಕೆಳಗಿನಿಂದ ಯಾರೋ "ಯಲ್ಲಾ ಸಿಸ್ಟರ್, ಯಲ್ಲಾ" ಎಂದು ಕೂಗುತ್ತಿದ್ದುದರಿಂದ, ನಾನು ತಿರಸ್ಕರಿಸಿದ ಟ್ಯೂಬುಗಳನ್ನು ಚೀಲಕ್ಕೆ ಹಾಕುವ ಬದಲು ಸ್ಟ್ಯಾಂಡಿನ ಸಮೇತ ಫ್ರಿಜ್ಜಿನಲ್ಲಿ ತುರುಕಿ ಓಡಿದೆ. ಇದೇ ನಾನು ಹೇಳಿದ ಆ ಒಂದು ತಪ್ಪು. ಮರುದಿನ ಶುಕ್ರವಾರ, ಕ್ಲಿನಿಕ್ಕಿಗೆ ರಜೆ.

ಶನಿವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಉಷ್ಣತೆ ನೋಡಲು ಫ್ರಿಜ್ಜು ತೆರೆದೆ. ಸ್ಟ್ಯಾಂಡಿನಲ್ಲಿ ಮೂರು ಟ್ಯೂಬುಗಳಿದ್ದವು. ಎರಡರಲ್ಲಿ ಕೆಳಗೆ ತಿಳಿ, ಮೇಲೆ ಬಿಳಿಯ ಕೆನೆ. ಮೂರನೆಯದರಲ್ಲಿ ಕೆನೆಯೇ ಇಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಮಬ್ಬು. ಅದು ಹಮೀದಾಕನದು.

ಕಲಿತ ಪಾಠವೊಂದು ಆಗ ನೆನಪಿಗೆ ಬಂತು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದು ಮರೆತುಬಿಟ್ಟಿದ್ದೆ. ಉಂಡ ಊಟದ ಕೊಬ್ಬು ದೊಡ್ಡ ದೊಡ್ಡ ಹನಿಗಳಾಗಿ ರಕ್ತಕ್ಕೆ ಬರುತ್ತದೆ. ತಣ್ಣಗೆ ನಿಲ್ಲಿಸಿದರೆ ಕೆನೆಯಾಗಿ ಮೇಲೇರುತ್ತದೆ. ಮೈಯೇ ತನ್ನ ಯಕೃತ್ತಿನಲ್ಲಿ ತಯಾರಿಸಿ ಬಿಡುವ ಕೊಬ್ಬಿನ ಹನಿಗಳು ಸಣ್ಣವು; ಅವು ಮೇಲೇರುವುದಿಲ್ಲ, ಇದ್ದಲ್ಲೇ ಮಬ್ಬಾಗಿ ನಿಲ್ಲುತ್ತವೆ. ಅಂದರೆ ಹಮೀದಾಕ ಆ ರಾತ್ರಿ ಏನನ್ನೂ ತಿಂದಿರಲಿಲ್ಲ. ಬೀಗದ ಕೈ ನಿಜ ಹೇಳಿತ್ತು. ಖಾಲಿ ಹೊಟ್ಟೆಯಲ್ಲೂ ಅವರ ರಕ್ತ ಹಾಲಾಗಿತ್ತು. ನಾನು ಮೂರು ಸಲ ತಿರಸ್ಕರಿಸಿದ್ದು ಅವರ ಸುಳ್ಳನ್ನಲ್ಲ, ಕಾಯಿಲೆಯನ್ನೇ.

ಆ ದಿನ ಡಾ. ಹಾಶಿಂ ಬರುವ ದಿನ. ಟ್ಯೂಬು ಅವರ ಕೈಗೆ ಕೊಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಅದನ್ನು ಕಿಟಕಿಗೆ ಹಿಡಿದರು.

"ನಮ್ಮ ಕಡೆ ಮಳೆಗಾಲದಲ್ಲಿ ನದಿ ಕೆಸರಾಗಿ ಹರಿಯುತ್ತದೆ, ಐರಿನ್. ಹರಿಯುವುದೇನೋ ಹರಿಯುತ್ತದೆ. ಆದರೆ ಹೋಗುತ್ತಾ ಹೋಗುತ್ತಾ ದಡದಲ್ಲಿ ಒಂದಿಷ್ಟು ಬಿಟ್ಟು ಹೋಗುತ್ತದೆ. ರಕ್ತನಾಳವೂ ಹಾಗೆಯೇ. ನಡೆದಾಗ, ಓಡಿದಾಗ ಅದು ಅಗಲವಾಗಿ ಹೆಚ್ಚು ರಕ್ತ ಬಿಡಬೇಕು. ಈ ಕೊಬ್ಬಿನಲ್ಲಿ ವರ್ಷಗಟ್ಟಲೆ ನೆಂದರೆ ಒಳಗೋಡೆ ಆ ಗುಣ ಕಳೆದುಕೊಳ್ಳುತ್ತದೆ. ಮೊದಲು ಬಿಗಿ, ಆಮೇಲೆ ಕಿರಿದು." ಟ್ಯೂಬು ಕೆಳಗಿಟ್ಟರು. "ಹೀಗೆ ಇನ್ನೆಷ್ಟು ಜನಕ್ಕೆ ಸೀಲು ಹಾಕಿದ್ದೇವೆ?"

'ಹಾಕಿದ್ದೀಯ' ಎನ್ನಲಿಲ್ಲ. 'ಹಾಕಿದ್ದೇವೆ' ಎಂದರು. ಬೈದಿದ್ದರೆ ಇಷ್ಟು ತಾಗುತ್ತಿರಲಿಲ್ಲ. ಆಮೇಲೆ ಎರಡು ವಾರ ಕೂತು ರಿಜಿಸ್ಟರು ತಿರುವಿದೆ. ಎರಡು ಸಲ ಸೀಲು ಬಿದ್ದವರ ಹೆಸರುಗಳನ್ನು ಬರೆದುಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಕೆಲವರು ಬಂದರು. ಕೆಲವರ ವೀಸಾ ಮುಗಿದು ಊರಿಗೆ ಹೋಗಿಯಾಗಿತ್ತು. ಆ ಊರುಗಳಲ್ಲಿ ಅವರಿಗೆ ಯಾರಾದರೂ ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಹಮೀದಾಕನ ಅಂಗಡಿಗೆ ಮಾತ್ರ ಆ ಶನಿವಾರವೇ ಹೋದೆ. ಹೋಗುವ ಮೊದಲು ಒಂದು ಕೆಲಸ ಮಾಡಿದೆ. ಮಧ್ಯಾಹ್ನ ಒಂದಕ್ಕೆ ಕೆಳಗಿನಿಂದ ತುಪ್ಪ ಜಾಸ್ತಿ ಹಾಕಿಸಿ ಮಟನ್ ಬಿರಿಯಾನಿ ತರಿಸಿ ತಿಂದೆ. ನಾಲ್ಕೂವರೆಗೆ ಸೂಸಮ್ಮನ ಮುಂದೆ ತೋಳು ಚಾಚಿದೆ.

"ಮದರ್ ಸುಪೀರಿಯರಿಗೆ ಹುಚ್ಚು ಹಿಡಿಯಿತೋ?" ಎಂದಳು.

"ಹೋಲಿಸಲು ಇನ್ನೊಂದು ಟ್ಯೂಬು ಬೇಕು. ತೆಗಿ."

ಆರು ದಾಟಿತ್ತು. ಮಗ್ರಿಬ್ ನಮಾಜು ಮುಗಿದು ಜನ ಮಸೀದಿಯಿಂದ ಹೊರಬರುತ್ತಿದ್ದರು. ನನ್ನ ಮುಂದೆ ಸ್ವಲ್ಪ ದೂರದಲ್ಲಿ ಹಮೀದಾಕ ಅಂಗಡಿಯ ಕಡೆ ನಡೆಯುತ್ತಿದ್ದರು. ಕೂಗೋಣವೆಂದುಕೊಂಡೆ. ಅಷ್ಟರಲ್ಲಿ ಅವರು ಗಡಿಯಾರದಂಗಡಿಯ ಗಾಜಿನ ಮುಂದೆ ನಿಂತರು. ಸ್ವಲ್ಪ ಹೊತ್ತು ಗಡಿಯಾರಗಳನ್ನು ನೋಡಿ ಮುಂದೆ ಹೋದರು. ಮತ್ತೆ ಸೂಟ್‌ಕೇಸ್ ಅಂಗಡಿಯ ಮುಂದೆ. ಮತ್ತೆ ಹೆಂಗಸರ ಚೀಲಗಳ ಅಂಗಡಿಯ ಮುಂದೆ. ಎಂಟು ಹೆಣ್ಣುಮಕ್ಕಳಿದ್ದರೂ ಯಾವ ಗಂಡಸೂ ಅಷ್ಟು ಹೊತ್ತು ಹೆಂಗಸರ ಚೀಲ ನೋಡುವುದಿಲ್ಲ. ಆಗ ಅವರ ಕೈ ಕೆಳಗಿಳಿದು ಎಡಗಾಲಿನ ಮೀನಖಂಡವನ್ನು ಒತ್ತಿಕೊಳ್ಳುವುದು ಕಂಡಿತು.

ನಾನು ವೈದ್ಯಳಲ್ಲ. ಆದರೆ ಇಷ್ಟು ವರ್ಷ ವೈದ್ಯರ ನಡುವೆ ಇದ್ದವಳಿಗೆ ಅದು ಗೊತ್ತಿತ್ತು. ನಡೆದರೆ ನೋವು, ನಿಂತರೆ ಇಲ್ಲ, ಮತ್ತೆ ನಡೆದರೆ ನೋವು. ಕಾಲಿಗೆ ಬೇಕಾದಷ್ಟು ರಕ್ತ ಹೋಗುತ್ತಿಲ್ಲ. ಹಾಗೆಯೇ ಬಿಟ್ಟರೆ ಒಂದು ದಿನ ಸಣ್ಣ ಗಾಯವೂ ಮಾಯದೆ ಬೆರಳು ಕಪ್ಪಾಗುತ್ತದೆ. ಕಾಲಿನಲ್ಲಿ ಆದದ್ದು ಹೃದಯದಲ್ಲೂ ಆಗುತ್ತಿರಬಹುದು. ಇಂಥ ಮನುಷ್ಯ ಇನ್ನು ನಮ್ಮ ಮೆಟ್ಟಿಲು ಹತ್ತುವುದಿಲ್ಲ ಎಂದು ಆಣೆ ಹಾಕಿ ಹೋಗಿದ್ದರು, ನನ್ನಿಂದಾಗಿ.

ಸ್ವಲ್ಪ ಬಿಟ್ಟು ನಾನೂ ಅಂಗಡಿಯೊಳಗೆ ಹೋದೆ. ಅಲ್ಲಿ ಜಾಫರ್ ಭಾಯಿ ಸುಲೈಮಾನಿ ಹಿಡಿದು ಕೂತಿದ್ದರು. ಇಬ್ಬರು ಗಿರಾಕಿಗಳೂ ಇದ್ದರು. ಅವರು ಹೋಗಲಿ ಎಂದು ಕಾಯಬಹುದಿತ್ತು. ಕಾಯಲಿಲ್ಲ. ನಾಲ್ಕು ಜನರ ಎದುರು ಆಡಿದ ಮಾತನ್ನು ನಾಲ್ಕು ಜನರ ಎದುರೇ ಹಿಂದೆ ತೆಗೆದುಕೊಳ್ಳಬೇಕು. "ಹಮೀದಾಕ, ನೀವು ಹೇಳಿದ್ದು ನಿಜ. ತಪ್ಪು ನಂದು. ಮೂರು ಸಲವೂ ನಂದೇ."

ಅವರು ತಲೆ ಎತ್ತದೆ ಬಟ್ಟೆ ಅಳೆಯುತ್ತಿದ್ದರು. "ಈಗ ಎಂತಕ್ಕೆ ಬಾಯಮ್ಮ? ಮುಗೀತಲ್ಲ."

"ಮುಗಿಯಲಿಲ್ಲ. ನಿಮ್ಮ ಎಡಗಾಲು ಎಷ್ಟು ದಿನದಿಂದ ನೋಯ್ತದೆ?"

ಟೇಪು ನಿಂತಿತು. "ಯಾರು ಹೇಳಿದ್ದು?"

"ಚೀಲದ ಅಂಗಡಿಯ ಗಾಜು."

ಜಾಫರ್ ಭಾಯಿ ಲೋಟ ಕೆಳಗಿಟ್ಟರು. "ನಿಲ್ಲಿ ನಿಲ್ಲಿ. ನಾವೆಲ್ಲ ಇವರು ರೇಟು ನೋಡ್ಲಿಕ್ಕೆ ನಿಲ್ತಾರೆ ಅಂತ ತಿಳಿದಿದ್ವಿ. ನನ್ನ ಅಂಗಡಿ ಎದುರು ನಿಲ್ತಾರೆ ಅಂತ ನಾನು ಎರಡು ಸಲ ಅತ್ತರಿನ ರೇಟು ಬದಲು ಮಾಡಿದ್ದೇನೆ ಮಾರಾಯ್ರೆ!"

ಗಿರಾಕಿಗಳು ನಕ್ಕರು. ಹಮೀದಾಕನ ಮೀಸೆಯೂ ಸ್ವಲ್ಪ ಅಲುಗಿತು.

"ನಾಳೆ ಏಳು ಗಂಟೆಗೆ ಬನ್ನಿ. ರಕ್ತ ಕೊಡುವುದು ಬೇಡ. ಬರೀ ಕಣ್ಣಿಂದ ನೋಡಿ ಹೋಗಿ" ಎಂದು ಹೊರಟುಬಂದೆ.

ಏಳಕ್ಕೆ ಬರಲಿಲ್ಲ. ಏಳೂ ಕಾಲಾಯಿತು, ಏಳೂವರೆಯಾಯಿತು. ತಡವಾಗಿ ಬಂದವರನ್ನು ವಾಪಸು ಕಳಿಸುತ್ತಿದ್ದ ನಾನು ಅಂದು ಬಾಗಿಲಲ್ಲೇ ನಿಂತಿದ್ದೆ. ಎಂಟಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ನಡುವೆ ಒಮ್ಮೆ ನಿಂತು ಮತ್ತೆ ಮೇಲೇರಿತು.

ಎರಡು ಟ್ಯೂಬುಗಳನ್ನು ಅವರ ಮುಂದೆ ಹಿಡಿದೆ. "ಇದು ನನ್ನದು. ನಿನ್ನೆ ಬಿರಿಯಾನಿ ತಿಂದು ತೆಗೆದು, ರಾತ್ರಿ ಫ್ರಿಜ್ಜಿನಲ್ಲಿಟ್ಟದ್ದು. ಮೇಲೆ ಕೆನೆಯ ಗೆರೆ ಕಾಣ್ತದಾ? ಅದು ಊಟ. ಇದು ನಿಮ್ಮದು. ಕೆನೆ ಇಲ್ಲ. ಇದು ನಿಮ್ಮ ಮೈಯೇ ಮಾಡಿದ್ದು."

ಅವರು ಬಟ್ಟೆಯ ನೂಲು ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದರು. "ನನ್ನನ್ನು ಸರಿ ಅಂತ ತೋರಿಸ್ಲಿಕ್ಕೆ ನೀವು ಸೂಜಿ ಚುಚ್ಚಿಸಿಕೊಂಡದ್ದಾ?"

"ನಿಮಗೆ ಮೂರು ಸಲ ಚುಚ್ಚಿದ್ದೇನಲ್ಲ."

"ಆದ್ರೂ ಮಾಂಸ ಬಿಟ್ಟಿದ್ದೆ, ತುಪ್ಪ ಬಿಟ್ಟಿದ್ದೆ. ಇದು ಎಲ್ಲಿಂದ ಬಂತು?"

"ಅದರ ಬದಲಿಗೆ ಎಂತ ತಿಂತಿದ್ದದ್ದು?"

ಹೇಳಿದರು. ಬೆಳಿಗ್ಗೆ ಕುಬೂಸ್ ರೊಟ್ಟಿಗೆ ಜಾಮು. ಮಧ್ಯಾಹ್ನ ಎರಡು ತಟ್ಟೆ ಅನ್ನ. ಅಂಗಡಿಯಲ್ಲಿ ದಿನಕ್ಕೆ ಏಳೆಂಟು ಸುಲೈಮಾನಿ, ಒಂದೊಂದಕ್ಕೆ ನಾಲ್ಕು ಚಮಚ ಸಕ್ಕರೆ. ಬಾಯಾರಿದರೆ ಮಾವಿನ ಜ್ಯೂಸು. ನನ್ನ ಸೀಲಿಗೆ ಹೆದರಿ ಅವರು ತುಪ್ಪ ಬಿಟ್ಟು ಸಕ್ಕರೆ ಹಿಡಿದಿದ್ದರು. ಹೆಚ್ಚಾದ ಸಕ್ಕರೆಯನ್ನೂ ಪಿಷ್ಟವನ್ನೂ ಯಕೃತ್ತು ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಬೊಜ್ಜಿನ ಮೈಯಲ್ಲಿ, ಇನ್ಸುಲಿನ್ನಿನ ಮಾತು ನಡೆಯದ ಮೈಯಲ್ಲಿ, ಇನ್ನೂ ಹೆಚ್ಚು ಬಿಡುತ್ತದೆ. ಎರಡನೆಯ ಟ್ಯೂಬು ಮೊದಲಿಗಿಂತ ಬೆಳ್ಳಗಿದ್ದುದು ಏಕೆಂದು ನನಗೆ ಆಗ ಅರ್ಥವಾಯಿತು.

ಹಮೀದಾಕ ತಾವಾಗಿಯೇ ಅಂಗಿಯ ತೋಳು ಮಡಿಸಿದರು. "ತೆಗೀರಿ ಬಾಯಮ್ಮ. ಇವತ್ತೂ ಖಾಲಿ ಹೊಟ್ಟೆಯೇ."

ಆ ಟ್ಯೂಬಿಗೆ ಸೀಲು ಹಾಕಲಿಲ್ಲ. ಸೀರಮನ್ನು ತೆಳುಮಾಡಿ ಪರೀಕ್ಷಿಸಿ, 'ಹನ್ನೆರಡು ಗಂಟೆ ಉಪವಾಸ, ಸೀರಮ್ ಹಾಲಿನಂತೆ, ಕೆನೆ ಇಲ್ಲ' ಎಂದು ಕೈಯಲ್ಲೇ ಬರೆದೆ. ಟ್ರೈಗ್ಲಿಸರೈಡಿನ ಅಂಕಿ ನೋಡಿ ವೈದ್ಯರು ಅಂದೇ ಮಾತ್ರೆ ಶುರುಮಾಡಿ, ಕಾಲಿನ ರಕ್ತನಾಳದ ತಜ್ಞರ ಬಳಿಗೆ ಕಳಿಸಿದರು. ನಾಳ ಕಿರಿದಾಗಿತ್ತು, ಪೂರ್ತಿ ಮುಚ್ಚಿರಲಿಲ್ಲ. ನನ್ನ ಸೀಲು ತಿಂದ ತಿಂಗಳುಗಳಲ್ಲಿ ಎಷ್ಟು ಕೆಟ್ಟಿತು ಎಂದು ಕೇಳಿದೆ. ಅದನ್ನು ಯಾರೂ ಅಳೆಯಲಾರರು ಎಂದರು ಡಾ. ಹಾಶಿಂ.

ಸಕ್ಕರೆಯಿಲ್ಲದ ಸುಲೈಮಾನಿ, ಒಂದೇ ತಟ್ಟೆ ಅನ್ನ, ಮಾತ್ರೆ, ಇವುಗಳ ಜೊತೆ ತಜ್ಞರು ನಡಿಗೆಯನ್ನೂ ಬರೆದುಕೊಟ್ಟರು. ನೋವು ಬರುವವರೆಗೆ ನಡೆ, ನಿಲ್ಲು, ಹೋದ ಮೇಲೆ ಮತ್ತೆ ನಡೆ. ಹೀಗೆ ದಿನಾ ಮಾಡಿದರೆ ಸಿಗುವಷ್ಟು ರಕ್ತದಲ್ಲೇ ಕಾಲು ದುಡಿಯಲು ಕಲಿಯುತ್ತದಂತೆ. ಹಮೀದಾಕ ಮಸೀದಿಯಿಂದ ಅಂಗಡಿಗೆ ಬರುವ ದಾರಿಯನ್ನೇ ಇದಕ್ಕೆ ಆರಿಸಿಕೊಂಡರು. ನಾನು ಕೆಲಸ ಮುಗಿಸಿ ಹೋಗುವ ಹೊತ್ತೂ ಅದೇ. ಎದುರಾದರೆ ವರದಿ ಕೊಡುತ್ತಿದ್ದರು: "ಇವತ್ತು ಸೂಟ್‌ಕೇಸಿನವನ ಹತ್ರ ನಿಲ್ಲಲಿಲ್ಲ ಬಾಯಮ್ಮ." ಎರಡು ತಿಂಗಳ ಮೇಲೆ: "ಚೀಲದವನೂ ಪಾಸಾದ." ಅವರು ಮತ್ತೆ ಪರೀಕ್ಷೆಗೆ ಬಂದ ಬೆಳಿಗ್ಗೆ ಅವರ ಟ್ಯೂಬು ಕಿಟಕಿಗೆ ಹಿಡಿದರೆ ಪತ್ರಿಕೆಯ ಕಪ್ಪು ಗೆರೆಗಳು ಮಸುಕಾಗಿ ಕಾಣತೊಡಗಿದ್ದವು. ಹೊಟ್ಟೆಯ ಮೇಲೆ ಮಲಗುತ್ತಿದ್ದ ಟೇಪಿನ ತುದಿಗಳು ನೇತಾಡತೊಡಗಿದವು.

ಸೀಲು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಕೆಂಪು ಶಾಯಿ ರಬ್ಬರಿನ ಸಂದಿಗಳಲ್ಲಿ ಒಣಗಿ ಗಟ್ಟಿಯಾಗಿದೆ. ಈಗ ಅನೇಕ ಕಡೆ ಕೊಬ್ಬಿನ ಪರೀಕ್ಷೆಗೆ ಉಪವಾಸವನ್ನೇ ಕೇಳುವುದಿಲ್ಲವೆಂದು ಪ್ರೀಮಾ ಹೇಳುತ್ತಾಳೆ. ಒಳ್ಳೆಯದಾಯಿತು. ಕ್ರಮ ಬೇಕು, ನಾನು ಇಂದಿಗೂ ಆರೂವರೆಯವಳೇ. ಆದರೆ ನಿಮ್ಮ ಕ್ರಮಕ್ಕೆ ಒಗ್ಗದ ಟ್ಯೂಬು ಬಂದಾಗ ಎಸೆಯುವ ಮೊದಲು ಒಂದು ರಾತ್ರಿ ಇಟ್ಟು ನೋಡಿ. ಟ್ಯೂಬಿನ ಹಿಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ, ಅವನು ನಿಜ ಹೇಳುತ್ತಿರಬಹುದು.

ಆ ವರ್ಷದ ಚಳಿಗಾಲದ ಒಂದು ಸಂಜೆ ಹಮೀದಾಕ ನನ್ನನ್ನು ಮಸೀದಿಯ ಮೂಲೆಯಲ್ಲಿ ಕಾಯುತ್ತಿದ್ದರು. "ಬನ್ನಿ ಬಾಯಮ್ಮ, ಸಾಕ್ಷಿ ಬೇಕು" ಎಂದು ಹೊರಟರು. ನಾನು ಪಕ್ಕದಲ್ಲಿ ನಡೆದೆ. ಗಡಿಯಾರ ಹೋಯಿತು, ಸೂಟ್‌ಕೇಸು ಹೋಯಿತು, ಹೆಂಗಸರ ಚೀಲಗಳು ಹೋದವು. ಅವರ ಕೈ ಒಮ್ಮೆಯೂ ಕಾಲಿನ ಕಡೆ ಇಳಿಯಲಿಲ್ಲ. ಅತ್ತರಿನಂಗಡಿಯನ್ನೂ ನಿಲ್ಲದೆ ದಾಟಿದೆವು. ಹಿಂದಿನಿಂದ ಜಾಫರ್ ಭಾಯಿಯ ಕೂಗು ಬಂತು:

"ಏನ್ ಹಮೀದಾಕ, ನಮ್ಮ ಮೇಲೆ ಸಿಟ್ಟಾ? ಈಗ ನಮ್ಮ ಅಂಗಡಿ ಕಡೆ ನೋಡುವುದೇ ಇಲ್ಲ!"